ಹುಟ್ಟು ಹಿಡಿದ ಹೆಣ್ಣುಮಕ್ಕಳು

ಹುಬ್ಬಳ್ಳಿಯಲ್ಲಿ ಸಂಸಾರ ಮಾಡಿದವರಿಗೆ ನೀರು ಅಂದರೆ ಮೊದಲು ನೆನಪಾಗುವುದು ನಳ. ನಳ ಯಾವಾಗ ಬಂತು, ಎಷ್ಟು ಕೊಡ ತುಂಬಿತು, ಟಾಕಿಯ ಮುಚ್ಚಳ ಹಾಕಿದೆಯೋ ಇಲ್ಲವೋ, ಇಷ್ಟರಲ್ಲೇ ನಮ್ಮ ನೀರಿನ ಲೆಕ್ಕ ಮುಗಿಯುತ್ತದೆ. ನೀರಿನ ಮೇಲೆ ಆಟವಾಡಬಹುದು, ಅದೂ ಹೆಣ್ಣುಮಕ್ಕಳು ಪಂದ್ಯ ಕಟ್ಟಿ ಆಡಬಹುದು ಎಂದರೆ "ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?" ಎಂದು ಕೇಳುವವರೇ ಹೆಚ್ಚು. ಆದರೂ ಈ ಸಲ ನಿಮ್ಮನ್ನು ಅಂಥದೇ ಒಂದು ಆಟದ ಕಡೆಗೆ ಕರೆದೊಯ್ಯುವ ಮನಸ್ಸಾಗಿದೆ. ದೂರವೇನಲ್ಲ. ಮೊದಲು ಉಣಕಲ್ ಕೆರೆ, ಆಮೇಲೆ ದಾಂಡೇಲಿಯ ಕಾಳೀ ನದಿ. ನಡುವೆ ಮಾತಿನಲ್ಲೇ ಪೋಲೆಂಡ್, ಜಪಾನ್, ಪ್ಯಾರಿಸ್ಸುಗಳನ್ನೂ ಸುತ್ತಿ ಬರೋಣ. ಅದಕ್ಕೆ ಟಿಕೀಟು ಬೇಕಿಲ್ಲ!

ಕೆರೆಯ ದಂಡೆಯ ಮೇಲೆ ನಿಂತು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದೊಡ್ಡ ರಸ್ತೆಯ ಪಕ್ಕದಲ್ಲೇ ಉಣಕಲ್ ಕೆರೆ ಇದೆ. ಊರಿನೊಳಗೆ ಹೋದರೆ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ; ನಾಲ್ಕು ದಿಕ್ಕಿಗೂ ಬಾಗಿಲಿರುವ ಚೆಂದದ ಕಲ್ಲಿನ ಗುಡಿ. ಅದನ್ನು ನೋಡಿಕೊಂಡು ಸಂಜೆ ಐದೂವರೆಯ ಹೊತ್ತಿಗೆ ಕೆರೆಯ ದಂಡೆಗೆ ಬಂದರೆ, ನೀರಿನ ನಡುವೆ ವಿವೇಕಾನಂದರ ಮೂರ್ತಿ, ಅದರಾಚೆ ಇಳಿಯುವ ಸೂರ್ಯ. ಗಿರಮಿಟ್ಟು, ಮಿರ್ಚಿ ಭಜಿ ತಿನ್ನುತ್ತ ಕುಳಿತ ಸಂಸಾರಗಳು. ಒಂದು ಮಾತು ಮಾತ್ರ ಎಲ್ಲ ತಾಯಂದಿರ ಬಾಯಲ್ಲೂ ಒಂದೇ: "ನೀರಿನ ಹತ್ರ ಹೋಗಬ್ಯಾಡ!" ಹುಡುಗನಿಗೆ ಒಮ್ಮೆ ಹೇಳಿದರೆ ಹುಡುಗಿಗೆ ಹತ್ತು ಸಲ.

ಈಗ ನೀವು ಒಂದಿಷ್ಟು ಕಲ್ಪನೆ ಮಾಡಿಕೊಳ್ಳಿ. ಇಂಥದೇ ನಿಂತ ನೀರಿನ ಮೇಲೆ ಚೆಂಡುಹೂವಿನ ಮಾಲೆ ಹಾಸಿದ ಹಾಗೆ ತೇಲುಗುಂಡುಗಳ ಸಾಲು. ಸಾಲುಗಳ ನಡುವೆ ಒಂಬತ್ತು ನೀರಿನ ಓಣಿಗಳು, ಒಂದೊಂದೂ 9 ಮೀಟರ್ ಅಗಲ. ಓಣಿಗೊಂದು ದೋಣಿ. ಒಂದು ಸದ್ದು ಆಗುತ್ತಲೇ ಎಲ್ಲವೂ ಒಟ್ಟಿಗೆ ಬಾಣದಂತೆ ಹೊರಡುತ್ತವೆ. 200, 500, 1000 ಮೀಟರ್, ಹೀಗೆ ನೇರ ದಾರಿ. ತಿರುವಿಲ್ಲ, ಬಂಡೆಗಳಿಲ್ಲ, ಸುಳಿಗಳಿಲ್ಲ. ಯಾರ ದೋಣಿಯ ಮೂತಿ ಮೊದಲು ಗೆರೆ ಮುಟ್ಟಿತೋ ಅವರು ಗೆದ್ದರು. ಇದಕ್ಕೆ ಕನೂ ಸ್ಪ್ರಿಂಟ್ ಎನ್ನುತ್ತಾರೆ. ಓಟದಲ್ಲಿ ನೂರು ಮೀಟರ್, ನಾನೂರು ಮೀಟರ್ ಇದ್ದ ಹಾಗೆ ಇದು ನೀರಿನ ಮೇಲಿನ ಓಟ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1938ರಲ್ಲಿ ಸ್ವೀಡನ್ನಿನ ವಾಕ್ಸ್‌ಹೋಮ್‌ನಲ್ಲಿ ನಡೆಯಿತು. ಒಲಿಂಪಿಕ್ಸಿಗೆ ಈ ಆಟ ಬಂದದ್ದು ಅದಕ್ಕೂ ಮೊದಲು, 1936ರ ಬರ್ಲಿನ್‌ನಲ್ಲಿ. ಆಗ ಗಂಡಸರಿಗೆ ಮಾತ್ರ.

ಎರಡು ದೋಣಿ, ಎರಡು ರೀತಿ

ದೋಣಿಗಳಲ್ಲಿ ಎರಡು ಜಾತಿ. ಟೀವಿಯಲ್ಲಿ ನೋಡುವಾಗ ಗೊಂದಲವಾಗದಿರಲಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂರುತ್ತಾರೆ. ಹುಟ್ಟಿನ ಎರಡೂ ತುದಿಗೆ ಹಲಗೆ ಇರುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೀರು ಕೀಳುತ್ತಾರೆ. ಕಾಲಿನಿಂದ ಆಡಿಸುವ ಪುಟ್ಟ ಚುಕ್ಕಾಣಿಯೂ ಉಂಟು. ಕನೂ ಹಾಗಲ್ಲ. ಒಂದು ಮೊಣಕಾಲು ಊರಿ, ಇನ್ನೊಂದು ಪಾದ ಮುಂದಿಟ್ಟು, ಒಂದೇ ಹಲಗೆಯ ಹುಟ್ಟನ್ನು ಒಂದೇ ಪಕ್ಕಕ್ಕೆ ಹಾಕಬೇಕು. ಚುಕ್ಕಾಣಿ ಇಲ್ಲ. ಒಂದೇ ಕಡೆ ಎಳೆದರೆ ದೋಣಿ ಇನ್ನೊಂದು ಕಡೆಗೆ ತಿರುಗಬೇಡವೇ? ತಿರುಗದಂತೆ, ಪ್ರತಿಸಲ ಹುಟ್ಟು ಎತ್ತುವ ಮುಂಚೆ ಅದನ್ನು ತುಸು ತಿರುವಿ ದೋಣಿಯನ್ನು ನೇರ ಮಾಡಿಕೊಳ್ಳಬೇಕು. ಕಲಿಯುವವರು ಮೊದಲ ದಿನಗಳಲ್ಲಿ ದೋಣಿಯಲ್ಲಿ ಇರುವುದಕ್ಕಿಂತ ನೀರಿನಲ್ಲಿ ಇರುವುದೇ ಹೆಚ್ಚು.

ಒಬ್ಬರು ಕೂರುವ ಕಯಾಕ್ 5 ಮೀಟರಿಗಿಂತ ತುಸು ಉದ್ದ, ಅಗಲ ಸುಮಾರು ಒಂದು ಮೊಳ. ತೂಕ ಎಷ್ಟಿರಬಹುದು ಹೇಳಿ? ಕನಿಷ್ಠ 12 ಕಿಲೋ. ನಮ್ಮ ಅಡುಗೆಮನೆಯ ಸಿಲಿಂಡರಿನೊಳಗಿನ ಗ್ಯಾಸೇ 14.2 ಕಿಲೋ ತೂಗುತ್ತದೆ. ಈ ದೋಣಿ ಅದಕ್ಕಿಂತ ಹಗುರ! ಇಬ್ಬರ ದೋಣಿ, ನಾಲ್ವರ ದೋಣಿಗಳೂ ಇವೆ. ನಾಲ್ವರ ದೋಣಿಯಲ್ಲಿ ಮುಂದೆ ಕೂತವಳು ತಾಳ ಹಿಡಿಯುತ್ತಾಳೆ, ಹಿಂದಿನ ಮೂವರು ಆ ತಾಳ ತಪ್ಪಬಾರದು. ಒಬ್ಬಳು ತಪ್ಪಿದರೆ ನಾಲ್ವರ ವೇಗವೂ ಹೋಯಿತು.

ಬಲವೆಲ್ಲ ತೋಳಿನದು ಎಂದುಕೊಳ್ಳಬೇಡಿ. ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತು ಜೋಳ ಬೀಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೈಯೊಂದರಿಂದಲೇ ಬೀಸಿದರೆ ಅರ್ಧ ಸೇರಿಗೇ ತೋಳು ಸೋಲುತ್ತದೆ. ಸೊಂಟ, ಬೆನ್ನು ಎಲ್ಲ ತಿರುಗಿದರೆ ಕಲ್ಲು ಹಗುರಾಗುತ್ತದೆ. ಕಯಾಕಿನ ಗುಟ್ಟೂ ಅದೇ: ಕಾಲಿನಿಂದ ಒತ್ತಿ, ಸೊಂಟ ತಿರುಗಿಸಿ, ಬೆನ್ನಿನಿಂದ ಎಳೆಯುವುದು. ನಮ್ಮ ಅಜ್ಜಿಯಂದಿರು ಬೆಳಗಿನ ಜಾವ ಹಾಡುತ್ತ ಮಾಡುತ್ತಿದ್ದ ಕೆಲಸಕ್ಕೂ ಈ ಪಂದ್ಯಕ್ಕೂ ಅಷ್ಟೊಂದು ದೂರವಿಲ್ಲ.

ದೋಣಿ ಹೊಲಿದವರು ಯಾರು?

ಕಯಾಕ್ ಹುಟ್ಟಿದ್ದು ಹಿಮದ ನಾಡಿನಲ್ಲಿ. ಗ್ರೀನ್‌ಲೆಂಡ್ ಮತ್ತು ಉತ್ತರ ಅಮೆರಿಕದ ತುದಿಯಲ್ಲಿರುವ ಇನುಯಿಟ್ ಜನ ಕಟ್ಟಿಗೆಯ, ಎಲುಬಿನ ಹಂದರ ಮಾಡಿ ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿಯುತ್ತಿದ್ದರು. ಬೇಟೆಗೆ ಹೋಗುತ್ತಿದ್ದವರು ಗಂಡಸರು. ಆದರೆ ಚರ್ಮವನ್ನು ಹನಿ ನೀರು ಒಳಬಾರದ ಹಾಗೆ ಹೊಲಿಯುತ್ತಿದ್ದವರು ಹೆಂಗಸರು. ಒಂದು ಹೊಲಿಗೆ ಸಡಿಲಾದರೆ ಆ ಕೊರೆಯುವ ನೀರಿನಲ್ಲಿ ಗಂಡನ ಜೀವಕ್ಕೇ ಅಪಾಯ. ಅದೇ ಜನರಲ್ಲಿ ಉಮಿಯಾಕ್ ಎಂಬ ದೊಡ್ಡ ದೋಣಿಯೂ ಇತ್ತು. ಮಕ್ಕಳುಮರಿ, ಸಾಮಾನು ಸರಂಜಾಮು ಎಲ್ಲ ಹೇರಿಕೊಂಡು ಅದನ್ನು ಸಾಗಿಸುತ್ತಿದ್ದವರು ಹೆಂಗಸರೇ. ಅದಕ್ಕೆ ಹೆಂಗಸರ ದೋಣಿ ಎಂದೇ ಹೆಸರು ಬಿತ್ತು.

ಚರ್ಮದ ದೋಣಿ ನಮಗೂ ಹೊಸದಲ್ಲ. ತುಂಗಭದ್ರೆಯ ಹರಿಗೋಲು ನೋಡಿದ್ದೀರಲ್ಲ? ಬಿದಿರಿನ ಬುಟ್ಟಿ ಹೆಣೆದು ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂಥ ಈ ದುಂಡನೆಯ ದೋಣಿಗಳನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಅದರಲ್ಲಿ ಹಿಡಿಯುತ್ತಿದ್ದರಂತೆ. ಇನ್ನು ಮರದ ದಿಮ್ಮಿ ಕೊರೆದು ಮಾಡಿದ ದೋಣಿಗಳನ್ನು ಕಾರವಾರದ ಕಡೆ ತೌರುಮನೆ ಇದ್ದವರು ಬಲ್ಲರು. ಅಮೆರಿಕದ ಮೂಲನಿವಾಸಿಗಳ ಕನೂ ಅವುಗಳ ದೂರದ ನಂಟಸ್ತಿಕೆಯದು. ಹೊಳೆ ದಾಟಲು, ಮೀನು ಹಿಡಿಯಲು ಇದ್ದ ದೋಣಿ ಕಾಲಕ್ರಮದಲ್ಲಿ ಆಟದ ದೋಣಿಯಾಯಿತು.

ಮೀಟರ್ ಮೀಟರಾಗಿ ಗೆದ್ದ ನೀರು

ದೋಣಿ ಹೊಲಿದ, ದೋಣಿ ನಡೆಸಿದ ಹೆಣ್ಣಿಗೆ ಪಂದ್ಯದಲ್ಲಿ ಜಾಗ ಸಿಗಲು ಮಾತ್ರ ಬಹಳ ಕಾಲ ಹಿಡಿಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆಂದು ಒಂದೇ ಒಂದು ಸ್ಪರ್ಧೆ ಇಟ್ಟರು, 500 ಮೀಟರ್ ಕಯಾಕ್. ಡೆನ್ಮಾರ್ಕಿನ ಕರೆನ್ ಹಾಫ್ ಅದನ್ನು ಗೆದ್ದಳು. ಇಬ್ಬರ ದೋಣಿ ಬಂದದ್ದು 1960ರಲ್ಲಿ, ನಾಲ್ವರ ದೋಣಿ 1984ರಲ್ಲಿ. ಅಷ್ಟೂ ಕಯಾಕ್. ಮೊಣಕಾಲೂರಿ ನಡೆಸುವ ಕನೂ ಮಾತ್ರ ಗಂಡಸರ ಸೊತ್ತಾಗಿಯೇ ಉಳಿಯಿತು. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ಹೆಣ್ಣಿನ ಶರೀರಕ್ಕೆ ಒಳ್ಳೆಯದಲ್ಲ ಎಂಬ ಮಾತೂ ಇತ್ತು. ಒಂದೇ ಸೊಂಟದ ಮೇಲೆ ಕೊಡ, ಅದೇ ಸೊಂಟದ ಮೇಲೆ ಕೂಸು ಹೊತ್ತು ಜೀವಮಾನ ಕಳೆದವರನ್ನು ಈ ಮಾತಾಡಿದವರು ನೋಡಿರಲಿಲ್ಲವೆಂದು ಕಾಣುತ್ತದೆ!

ಕಡೆಗೆ 2010ರಲ್ಲಿ ಪೋಲೆಂಡಿನ ಪೋಜ್ನಾನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹೆಂಗಸರ ಕನೂ ಪದಕದ ಸ್ಪರ್ಧೆಯಾಯಿತು. ಒಲಿಂಪಿಕ್ಸಿಗೆ ಅದು ಬಂದದ್ದು 2021ರಲ್ಲಿ, ಟೋಕಿಯೋದಲ್ಲಿ. ಗಂಡಸರು ಬರ್ಲಿನ್‌ನಲ್ಲಿ ಮೊಣಕಾಲೂರಿ 85 ವರ್ಷಗಳಾದ ಮೇಲೆ. 200 ಮೀಟರಿನ ಆ ಮೊದಲ ಚಿನ್ನ ಅಮೆರಿಕದ ನೆವಿನ್ ಹ್ಯಾರಿಸನ್‌ಳ ಪಾಲಾಯಿತು. ಆಗ ಆಕೆಗೆ 19 ವರ್ಷ. ಪಂದ್ಯ ಮುಗಿದದ್ದು ಮುಕ್ಕಾಲು ನಿಮಿಷದಲ್ಲಿ. ಮೂರು ವರ್ಷ ಬಿಟ್ಟು 2024ರ ಪ್ಯಾರಿಸ್ಸಿನಲ್ಲಿ ಕೆನಡಾದ ಕೇಟಿ ವಿನ್ಸೆಂಟ್ ಅದೇ ಹ್ಯಾರಿಸನ್‌ಳನ್ನು ಸೋಲಿಸಿದಳು. ಎಷ್ಟು ಅಂತರದಿಂದ ಗೊತ್ತೇ? ಒಂದು ಸೆಕೆಂಡಿನ ನೂರರಲ್ಲೊಂದು ಪಾಲು. ರೆಪ್ಪೆ ಹೊಡೆಯುವಷ್ಟೂ ಹೊತ್ತಲ್ಲ.

ಈ ಆಟದ ಮಹಾರಾಣಿ ಎಂದರೆ ಜರ್ಮನಿಯ ಬಿರ್ಗಿಟ್ ಫಿಶರ್. 1980ರ ಮಾಸ್ಕೋದಲ್ಲಿ 18ರ ಹರೆಯದಲ್ಲಿ ಮೊದಲ ಚಿನ್ನ. 2004ರ ಅಥೆನ್ಸ್‌ನಲ್ಲಿ 42ರ ವಯಸ್ಸಿನಲ್ಲಿ ಕಡೆಯ ಚಿನ್ನ. ಒಟ್ಟು 8 ಚಿನ್ನ, 4 ಬೆಳ್ಳಿ. 1984ರಲ್ಲಿ ಆಕೆಯ ದೇಶವಾದ ಪೂರ್ವ ಜರ್ಮನಿ ಒಲಿಂಪಿಕ್ಸಿಗೇ ಹೋಗಲಿಲ್ಲವಾದ್ದರಿಂದ ನಾಲ್ಕು ವರ್ಷದ ಶ್ರಮ ನೀರಿಗೆ ಹಾಕಿದಂತಾಯಿತು. ನಡುವೆ ಎರಡು ಮಕ್ಕಳನ್ನು ಹೆತ್ತಳು, ಬೆಳೆಸಿದಳು, ಮತ್ತೆ ದೋಣಿಗೆ ಹತ್ತಿದಳು. "ಇನ್ನೇನು, ಮಕ್ಕಳಾದ ಮೇಲೆ ಮುಗೀತು ನಮ್ದು" ಎಂದು ಮೂವತ್ತಕ್ಕೇ ಮೂಲೆ ಹಿಡಿಯುವ ನಮ್ಮ ಗೆಳತಿಯರಿಗೆ ಈ ಲೆಕ್ಕವನ್ನು ಒಂದು ಸಲ ಓದಿ ಹೇಳಿ. ಈಗ ಆಕೆಯ 8 ಚಿನ್ನಗಳಿಗೆ ಸರಿಸಾಟಿಯಾಗಿ ನಿಂತವಳು ನ್ಯೂಜಿಲೆಂಡಿನ ಮಾವೋರಿ ಮೂಲದ ಲೀಸಾ ಕ್ಯಾರಿಂಗ್ಟನ್. 2024ರ ಪ್ಯಾರಿಸ್ಸೊಂದರಲ್ಲೇ ಮೂರು ಚಿನ್ನ: ಒಬ್ಬಳೇ, ಇಬ್ಬರು, ನಾಲ್ವರು, ಮೂರೂ ದೋಣಿಗಳಲ್ಲಿ.

ಭೋಪಾಲದ ಸಣ್ಣ ಕೆರೆಯಿಂದ

"ಅದೆಲ್ಲಾ ಪರದೇಶದ ಮಾತಾತು, ನಮ್ಮಲ್ಲಿ ಏನೈತಿ?" ಎಂದಿರಾ? ಕೇಳಿ. 1994ರಲ್ಲಿ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಇಬ್ಬರು ಕನೂವಿನಲ್ಲಿ ಕಂಚು ತಂದರು. ಅದಾದ ಮೇಲೆ ಮುಂದಿನ ಪದಕ ಬಂದದ್ದು 2023ರ ಅಕ್ಟೋಬರಿನಲ್ಲಿ, ಚೀನಾದ ಹಾಂಗ್‌ಝೌನಲ್ಲಿ. ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಮ್ 1000 ಮೀಟರಿನಲ್ಲಿ ಕಂಚು ಗೆದ್ದರು. 29 ವರ್ಷಗಳ ಅಂತರ!

ಆದರೆ ನಾನು ನಿಮಗೆ ಹೇಳಬೇಕೆಂದದ್ದು ಪ್ರಾಚಿ ಯಾದವ್ ವಿಷಯ. ಗ್ವಾಲಿಯರಿನ ಹುಡುಗಿ. ಹುಟ್ಟಿನಿಂದಲೇ ಕಾಲಿಗೆ ಶಕ್ತಿಯಿಲ್ಲ. ಮೊದಲು ಈಜು ಕಲಿತಳು, ಈಜಿನಲ್ಲಿ ಸ್ಪರ್ಧಿಸಿದಳು. ಆಕೆಯ ಉದ್ದನೆಯ ತೋಳುಗಳನ್ನು ಕಂಡ ತರಬೇತುದಾರರು ದೋಣಿ ಹಿಡಿ ಎಂದರು. ಭೋಪಾಲದ ಸಣ್ಣ ಕೆರೆಯಲ್ಲಿ ಅಭ್ಯಾಸ. ಟೋಕಿಯೋ ಪ್ಯಾರಾಲಿಂಪಿಕ್ಸಿಗೆ ಈ ಆಟದಲ್ಲಿ ಹೋದ ಮೊದಲ ಭಾರತೀಯಳು ಆಕೆಯೇ, ಹೋಗಿ ಫೈನಲ್ಲನ್ನೂ ಮುಟ್ಟಿದಳು. 2022ರಲ್ಲಿ ಪೋಜ್ನಾನ್‌ನ ವಿಶ್ವಕಪ್ಪಿನಲ್ಲಿ ಕಂಚು. 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕ್‌ನಲ್ಲಿ ಚಿನ್ನ. ಪಕ್ಕಕ್ಕೆ ಆಸರೆಯ ದಿಂಡು ಕಟ್ಟಿದ, ವಾ ಎಂಬ ದೋಣಿಯಲ್ಲಿ ಬೆಳ್ಳಿ. ಆಕೆಯ ಪತಿ ಮನೀಶ್ ಕೌರವ್ ಕೂಡ ಇದೇ ಆಟದವರು. ಅದೇ ಕೂಟದಲ್ಲಿ ಅವರಿಗೂ ಕಂಚು. ಗಂಡ ಹೆಂಡತಿ ಇಬ್ಬರೂ ಪದಕ ಹಿಡಿದು ಮನೆಗೆ ಬಂದದ್ದನ್ನು ನೆನೆದರೆ ಎಷ್ಟು ಹಿತವಾಗುತ್ತದೆ!

ಇಲ್ಲಿ ಒಂದು ಸಂಗತಿ ಮನಸ್ಸಿನಲ್ಲಿಡಿ. ಆ ಹುಡುಗಿಯ ಕೈಗೆ ಹುಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ಈಜು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕಾಳಿಯ ಮೇಲೆ

ನಮ್ಮ ಉಣಕಲ್ ಕೆರೆಯಲ್ಲೇ ದೋಣಿ ಕಲಿಯೋಣವೆಂದರೆ ವರ್ಷಾನುಗಟ್ಟಲೆ ಊರಿನ ಗಟಾರ ನೀರು, ಅಂತರಗಂಗೆ ಸೇರಿ ಸೊರಗಿದ ಕೆರೆ ಅದು. ದಂಡೆಯ ಮೇಲೆ ಕೂತು ನೋಡಲು ಚೆಂದ, ನೀರಿಗಿಳಿಯಲು ಅಲ್ಲ. ಹುಬ್ಬಳ್ಳಿಯವರು ಕಯಾಕಿನಲ್ಲಿ ಕೂರಬೇಕೆಂದರೆ ಹತ್ತಿರದ ಒಳ್ಳೆಯ ನೀರು ಕಾಳೀ ನದಿಯದು.

ಧಾರವಾಡ, ಹಳಿಯಾಳದ ಮೇಲೆ ಹಾಯ್ದು ದಾಂಡೇಲಿಗೆ ಸುಮಾರು 75 ಕಿಲೋಮೀಟರ್. ಧಾರವಾಡ ದಾಟಿದಂತೆ ಕರಿಮಣ್ಣಿನ ಹೊಲ ಹಿಂದಾಗಿ, ಭತ್ತದ ಗದ್ದೆ ಬಂದು, ಹಳಿಯಾಳದ ಮುಂದೆ ಸಾಗವಾನಿ ಕಾಡು ಶುರುವಾಗುತ್ತದೆ. ಎರಡು ತಾಸಿನೊಳಗೆ ಬೇರೆಯೇ ದೇಶಕ್ಕೆ ಬಂದಂತೆ. ದಾಂಡೇಲಿಯಿಂದ ಮುಂದೆ 20–25 ಕಿಲೋಮೀಟರ್ ಹೋದರೆ ಗಣೇಶಗುಡಿ. ಅಲ್ಲಿ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಅದರ ಹಿಂದಿನ ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿದೆ. ಎಷ್ಟು ಒಲೆ, ಎಷ್ಟು ತುಳಸಿಕಟ್ಟೆಗಳು ಆ ನೀರಿನಡಿ ಇವೆಯೋ! ನಮ್ಮ ಮನೆಯ ದೀಪಕ್ಕೆ ಅವರು ಕೊಟ್ಟ ಬೆಲೆ ಅದು. ಜೋಯಿಡಾ ತಾಲ್ಲೂಕಿನ ದಿಗ್ಗಿಯಲ್ಲಿ ಹುಟ್ಟಿದ ಕಾಳಿ 184 ಕಿಲೋಮೀಟರ್ ಹರಿದು ಕಾರವಾರದ ಸದಾಶಿವಗಡದ ಹತ್ತಿರ ಸಮುದ್ರ ಸೇರುತ್ತಾಳೆ.

ಗಣೇಶಗುಡಿಯ ಕೆಳಗೆ ಕಾಳಿಗೆ ಎರಡು ಮುಖ. ಸೂಪಾದ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಬಂಡೆಗಳ ನಡುವೆ ನೊರೆ ಎಬ್ಬಿಸಿ ಓಡುತ್ತಾಳೆ. ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಜನ ಕೂಗುತ್ತ ಹೋಗುವುದು ಅಲ್ಲಿಯೇ. ಪಂದ್ಯದ ಆಟ ಅದಲ್ಲ. ಬಂಡೆಗಳು ಮುಗಿದಲ್ಲಿ ಹೊಳೆ ಅಗಲವಾಗಿ, ಕಾಡಿನ ನೆರಳು ಹೊದ್ದು, ಎಣ್ಣೆ ಸುರಿದಂತೆ ಮಲಗಿರುತ್ತಾಳಲ್ಲ, ಕಯಾಕ್‌ಗೆ ಕೂರಬೇಕಾದದ್ದು ಆ ಜಾಗದಲ್ಲಿ. ಅಲ್ಲಿ ಕೊಡುವುದು ಪ್ಲಾಸ್ಟಿಕ್ಕಿನ ಅಗಲವಾದ ದೋಣಿ, ಅಷ್ಟು ಸುಲಭಕ್ಕೆ ಮಗುಚುವುದಿಲ್ಲ.

ನಮ್ಮ ಅಕ್ಕನ ಮಗಳು, ಹದಿನಾಲ್ಕರ ಹುಡುಗಿ, ಅಲ್ಲಿ ಮೊದಲ ಸಲ ಹುಟ್ಟು ಹಿಡಿದಾಗ ಹತ್ತು ನಿಮಿಷ ಗಾಣದೆತ್ತಿನಂತೆ ಇದ್ದಲ್ಲೇ ಸುತ್ತಿದಳು. ದಂಡೆಯ ಮೇಲೆ ಅಕ್ಕನ ಅತ್ತೆ, "ಸಾಕ್ ಬಾರವ್ವಾ, ಎಲ್ಲಾರೂ ನೋಡ್ಲಿಕ್ಕತ್ತಾರ" ಎಂದು ಒಂದೇ ಸಮನೆ ಕೂಗುತ್ತಿದ್ದರು. ಹನ್ನೊಂದನೆಯ ನಿಮಿಷಕ್ಕೆ ದೋಣಿ ನೆಟ್ಟಗಾಯಿತು. ಆಚೆ ದಡದ ಬಿದಿರುಮೆಳೆ ಮುಟ್ಟಿ ಆಕೆ ತಿರುಗಿ ಬಂದಾಗ ಅಜ್ಜಿ ಕೂಗುವುದನ್ನು ಬಿಟ್ಟಿದ್ದರು. "ನಾ ಸಣ್ಣಾಕಿ ಇದ್ದಾಗ ನಮ್ಮಪ್ಪನ ತ್ವಾಟದ ಬಾವ್ಯಾಗ ಈಸ್ತಿದ್ದೆ. ದೊಡ್ಡಾಕಿ ಆದಮ್ಯಾಲೆ ಬಿಡಿಸಿದ್ರು" ಎಂದರು. ನಲವತ್ತು ವರ್ಷ ಒಂದೇ ಮನೆಯಲ್ಲಿ ಇದ್ದವರಿಗೂ ಅದು ಗೊತ್ತಿರಲಿಲ್ಲ!

ಹೋಗುವವರಿಗೆ ನಾಲ್ಕು ಮಾತು

ಮಳೆಗಾಲದಲ್ಲಿ ಹೋಗಬೇಡಿ, ಹೊಳೆ ತುಂಬಿದಾಗ ದೋಣಿ ನಿಲ್ಲಿಸುತ್ತಾರೆ. ದೀಪಾವಳಿ ಕಳೆದ ಮೇಲಿನ ತಿಂಗಳುಗಳು ಹಿತ. ವಾರದ ನಡುವೆ ಹೋದರೆ ಗದ್ದಲ ಕಡಿಮೆ.

ಸೀರೆ ಉಟ್ಟು ದೋಣಿಗೆ ಹತ್ತಬೇಡಿ. ಸಲ್ವಾರ್ ಅಥವಾ ಪ್ಯಾಂಟು, ಬೇಗ ಒಣಗುವ ಬಟ್ಟೆ ಇರಲಿ. ಬಳೆ, ಸರ, ಕಿವಿಯೋಲೆಗಳನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ. ಕನ್ನಡಕ ಇದ್ದವರು ಅದಕ್ಕೊಂದು ದಾರ ಕಟ್ಟಿಕೊಳ್ಳಿ.

ಲೈಫ್ ಜಾಕೆಟ್ ಇಲ್ಲದೆ ದೋಣಿಯಲ್ಲಿ ಕಾಲಿಡಬಾರದು. ಹಾಕಿಕೊಂಡರೆ ಸಾಲದು, ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ; ಗಲ್ಲದ ಮೇಲೆ ಬಂದರೆ ಅದು ದೊಡ್ಡದಾಯಿತು ಎಂದರ್ಥ. ಮಕ್ಕಳಿಗೆ ಮಕ್ಕಳ ಅಳತೆಯದನ್ನೇ ಕೇಳಿ ತೆಗೆದುಕೊಳ್ಳಿ. ದೋಣಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಜನ ಕೂರಿಸಿದರೆ ಸಂಕೋಚ ಪಡದೆ ಇಳಿದುಬಿಡಿ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ. ಕೇಳದೆ ಎಲ್ಲೆಂದರಲ್ಲಿ ನೀರಿಗಿಳಿಯಬಾರದು.

ಬುತ್ತಿಗೆ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ, ಗಟ್ಟಿ ಮೊಸರು ಸಾಕು. ಹುಟ್ಟು ಹಾಕಿ ಬಂದವರ ಹಸಿವೆಯೇ ಬೇರೆ. ತಲೆಗೆ ಎರಡು ರೊಟ್ಟಿ ಹೆಚ್ಚೇ ಕಟ್ಟಿಕೊಳ್ಳಿ. ಕಟ್ಟಿದ ಕಾಗದ, ಚೀಲಗಳನ್ನು ಮಾತ್ರ ಮರಳಿ ಮನೆಗೆ ತನ್ನಿ. ಕಾಳಿ ಇನ್ನೊಂದು ಉಣಕಲ್ ಕೆರೆಯಾಗುವುದು ಬೇಡ.

ಎಲ್ಲಕ್ಕೂ ಮೊದಲು ಈಜು

ಪದಕ ಎಲ್ಲರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಈಜು ಎಲ್ಲರಿಗೂ ಬರಬೇಕು. ಶಾಲೆಗೆ ಹೋಗುವ ಮಕ್ಕಳಿಗೆಲ್ಲ ಈಜಿನ ಮೂಲಪಾಠ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರಿನಲ್ಲಿ ಮುಳುಗಿ ಸಾಯುವ ಮಕ್ಕಳ ಸಂಖ್ಯೆ ಜಗತ್ತಿನಲ್ಲಿ ಅಷ್ಟಿದೆ. ನಮ್ಮ ಕಡೆ ಕೃಷಿಹೊಂಡ, ಕಾಲುವೆ, ಕೆರೆ, ಬಾವಿಗಳಿಗೆ ಬರವಿಲ್ಲ. ಬಟ್ಟೆ ಒಗೆಯಲು, ನೀರು ತರಲು ಅವುಗಳ ಹತ್ತಿರ ಹೋಗುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಈಜು ಕಲಿಯುವವರು ಮಾತ್ರ ಹೆಚ್ಚಾಗಿ ಗಂಡುಹುಡುಗರು. ಈ ಲೆಕ್ಕ ನಿಮಗೆ ಸರಿ ಕಾಣುತ್ತದೆಯೇ?

"ನೀರಿನ ಹತ್ರ ಹೋಗಬ್ಯಾಡ" ಎನ್ನುವುದು ತಾಯಿಯ ಪ್ರೀತಿಯೇ. ಆದರೆ ಆ ಮಾತಿನಿಂದ ನೀರು ದೂರ ಹೋಗುವುದಿಲ್ಲ, ಹುಡುಗಿಯ ಧೈರ್ಯ ಮಾತ್ರ ದೂರವಾಗುತ್ತದೆ. ಬಟ್ಟೆ ಹೇಗೆ, ನೋಡಿದವರು ಏನಂದಾರು, ಬಣ್ಣ ಕಪ್ಪಾದೀತು, ತಿಂಗಳಿನ ದಿನಗಳಲ್ಲಿ ಏನು ಮಾಡುವುದು, ಹೀಗೆ ನೂರು ಪ್ರಶ್ನೆ ಏಳುತ್ತವೆ. ಮೈತುಂಬ ಮುಚ್ಚುವ ಈಜಿನ ಉಡುಪು ಈಗ ಸಿಗುತ್ತದೆ. ಹೆಂಗಸರಿಗೆಂದೇ ಬೇರೆ ವೇಳೆ ಇಡುವ ಈಜುಕೊಳಗಳಿವೆ. ಇಲ್ಲದಿದ್ದರೆ ನಾಲ್ಕೈದು ಮನೆಯವರು ಸೇರಿ ಹೋಗಿ ಕೇಳಿದರೆ ಮಾಡಿಕೊಟ್ಟಾರು. ತಿಂಗಳಿಗೆ ನಾಲ್ಕು ದಿನ ತಪ್ಪಿದರೆ ಉಳಿದ ಇಪ್ಪತ್ತಾರು ದಿನ ಇದ್ದೇ ಇವೆ. ಬಣ್ಣದ ಮಾತಂತೂ ಬಿಡಿ. ಜೀವ ಉಳಿಸುವ ವಿದ್ಯೆಯ ಮುಂದೆ ಅದು ಯಾವ ಲೆಕ್ಕ?

ಬೇಸಿಗೆಯ ರಜೆ ಬಂದಾಗ ಮಗಳನ್ನು ಕಂಪ್ಯೂಟರಿಗೋ ಭರತನಾಟ್ಯಕ್ಕೋ ಸೇರಿಸುವ ಮುಂಚೆ ಒಂದು ತಿಂಗಳು ಈಜಿಗೆ ಸೇರಿಸಿ. ಆಕೆ ಮುಂದೆ ಕಯಾಕ್ ಹಿಡಿಯಲಿ, ಬಿಡಲಿ, ಅದು ಅವಳ ಇಷ್ಟ. ಸಾಧ್ಯವಾದರೆ ಫಾರಂ ತರುವಾಗ ಎರಡು ತನ್ನಿ. ಎರಡನೆಯದರಲ್ಲಿ ನಿಮ್ಮ ಹೆಸರು ಬರೆಯಿರಿ. ತಾಯಿ ನೀರಿಗಿಳಿದ ಮನೆಯಲ್ಲಿ ಮಗಳಿಗೆ ಬೇರೆ ಧೈರ್ಯ ಹೇಳಬೇಕಾಗುವುದಿಲ್ಲ.